ಪಕ್ಕದ ಮಂಚದವರು

ಬಯಾಪ್ಸಿ ವರದಿ ಬಂದ ಮೇಲೆ ನಾನು ಅತಿ ಹೆಚ್ಚು ಸಲ ಆಡಿದ ಮಾತು ಒಂದೇ: ‘ನಾನು ಹುಟ್ಟಿದಂದಿನಿಂದ ಒಂದು ಚೂರು ಅಡಿಕೆಯನ್ನೂ ಬಾಯಿಗೆ ಹಾಕಿದವಳಲ್ಲ.’ ಹೆಸರು ಬರೆದುಕೊಳ್ಳುವ ಗುಮಾಸ್ತರಿಗೆ ಹೇಳಿದೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತಿದ್ದವರಿಗೆ ಹೇಳಿದೆ. ನೋಡಲು ಬಂದ ನೆಂಟರಿಗೆ ಅವರು ಬಾಯಿ ತೆರೆಯುವ ಮೊದಲೇ ಹೇಳಿದೆ. ನಾಲಿಗೆಯ ಕ್ಯಾನ್ಸರ್ ಎಂದರೆ ಸಾಕು, ಎದುರಿನವರ ಕಣ್ಣು ಅರೆಗಳಿಗೆ ನನ್ನ ಹಲ್ಲಿನ ಮೇಲೆ ಹೋಗಿ ಬರುತ್ತಿತ್ತು, ಕರೆ ಕಟ್ಟಿದೆಯೇ ಎಂದು. ಆ ನೋಟವನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ನಾನು ತುಮಕೂರು ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವವಳು. ಶಾಲೆ ತೆರೆಯುವ ಹೊತ್ತಿಗೇ ಬರುವ ಮೇ 31ರ ತಂಬಾಕು ವಿರೋಧಿ ದಿನಕ್ಕೆ ಮಕ್ಕಳ ಕೈಗೆ ಫಲಕ ಕೊಟ್ಟು ಊರ ತುಂಬ ಜಾಥಾ ಹೊರಡಿಸುತ್ತಿದ್ದವಳು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ತರಗತಿಯಲ್ಲಿ ಪೆಪ್ಪರಮೆಂಟು ಹಂಚಿದ್ದೆ. ಆಮೇಲೆ ಪಾನ್ ಮಸಾಲದ್ದೊಂದು ಚೀಟಿ, ತಂಬಾಕಿನದೊಂದು ಚೀಟಿಯಾಗಿ ಅವು ಅದೇ ಅಂಗಡಿಯಲ್ಲಿ ಜೋಡಿಯಾಗಿ ತೂಗಾಡತೊಡಗಿದಾಗ ಅಂಗಡಿಯವನ ಜತೆ ಜಗಳ ಕಾದಿದ್ದೆ. ಅಪ್ಪನಿಗೆ ಗುಟ್ಕಾ ತಂದುಕೊಡುವ ಹುಡುಗರನ್ನು ಎಲ್ಲರೆದುರು ಎದ್ದು ನಿಲ್ಲಿಸಿ, ‘ನಿಮ್ಮಪ್ಪನಿಗೆ ಹೇಳು, ಹೀಗೇ ತಿಂದರೆ ಬಾಯಿ ಕೊಳೆಯುತ್ತೆ ಅಂತ’ ಎಂದು ಹೇಳಿ ಕಳಿಸುತ್ತಿದ್ದೆ. ಆ ಹುಡುಗರ ಮುಖ ಹೇಗಾಗುತ್ತಿತ್ತು ಎಂಬುದನ್ನು ಗಮನಿಸಿದ ನೆನಪೇ ನನಗಿಲ್ಲ.

ನನಗೆ ಬಂದದ್ದು ನಾಲಿಗೆಯ ಎಡ ಅಂಚಿನಲ್ಲಿ, ದವಡೆ ಹಲ್ಲು ಉಜ್ಜುವ ಜಾಗದಲ್ಲಿ. ಮೊದಲು ಬಿಳಿ ಮಚ್ಚೆ, ಆಮೇಲೆ ಹುಣ್ಣು. ಬಿ ಕಾಂಪ್ಲೆಕ್ಸ್ ನುಂಗಿದೆ, ಜೆಲ್ ಹಚ್ಚಿದೆ, ಅಮ್ಮ ಹೇಳಿದಂತೆ ಗಣಿಕೆ ಸೊಪ್ಪಿನ ತಂಬುಳಿ ಕುಡಿದೆ. ಖಾರ ತಾಗಿದರೆ ಕಣ್ಣಲ್ಲಿ ನೀರು. ಕಡೆಕಡೆಗೆ ಎಡಗಿವಿಯೊಳಗೂ ಸಣ್ಣಗೆ ನೋವು. ಕಿವಿನೋವಿಗೂ ನಾಲಿಗೆಗೂ ಸಂಬಂಧ ಇರಬಹುದೆಂದು ಹೊಳೆಯಲೇ ಇಲ್ಲ. ದಂತವೈದ್ಯೆಯೊಬ್ಬರು ಚೂಪಾದ ಹಲ್ಲನ್ನು ತೇಯ್ದು, ‘ಎರಡು ವಾರದಲ್ಲಿ ಮಾಯದಿದ್ದರೆ ತುಣುಕು ತೆಗೆದು ಪರೀಕ್ಷೆಗೆ ಕಳಿಸಲೇಬೇಕು’ ಎಂದರು. ಮಾಯಲಿಲ್ಲ.

ಹಾಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದೆ. 1973ರಲ್ಲಿ ಶುರುವಾದ ಆ ಸಂಸ್ಥೆಯ ಅಂಗಳದಲ್ಲಿ ಬೆಳಕು ಹರಿಯುವ ಹೊತ್ತಿಗೇ ರಾಯಚೂರು, ಕಲಬುರಗಿ, ಅನಂತಪುರ ಕಡೆಯ ಜನ ಚಾಪೆ, ಬುತ್ತಿಗಂಟಿನ ಸಮೇತ ಕೂತಿರುತ್ತಾರೆ. ವೈದ್ಯರು ಮೊಳದುದ್ದದ ವಿಷಯವನ್ನು ಸಾವಕಾಶವಾಗಿ ಬಿಡಿಸಿ ಹೇಳಿದರು. ಗಡ್ಡೆಯ ಸುತ್ತ ಒಳ್ಳೆಯ ಭಾಗವನ್ನೂ ಸೇರಿಸಿ ಅರ್ಧದಷ್ಟು ನಾಲಿಗೆ ತೆಗೆಯಬೇಕು. ಆ ಜಾಗಕ್ಕೆ ಎಡ ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತಂದು ಹೊಲಿಯಬೇಕು. ಕೈಯ ಗಾಯಕ್ಕೆ ತೊಡೆಯ ಚರ್ಮ. ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕು. ‘ಕುತ್ತಿಗೆಯಲ್ಲಿ ಏನೂ ಇಲ್ಲವಲ್ಲ?’ ಎಂದೆ. ಆರಂಭದ ಹಂತದ ಬಾಯಿಯ ಕ್ಯಾನ್ಸರಿನಲ್ಲಿ ಕುತ್ತಿಗೆಯನ್ನು ಮೊದಲೇ ತೆರೆಯುವುದೋ, ಗಂಟು ಕಂಡ ಮೇಲೆ ತೆರೆಯುವುದೋ ಎಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಹೋಲಿಸಿ ನೋಡಿ 2015ರಲ್ಲಿ ಪ್ರಕಟಿಸಿದ್ದಾರೆ. ಮೊದಲೇ ತೆರೆದವರಲ್ಲಿ ಮೂರು ವರ್ಷಕ್ಕೆ ಬದುಕುಳಿದವರು ನೂರಕ್ಕೆ 80, ಕಾದವರಲ್ಲಿ 67.5. ಆ ಲೆಕ್ಕ ಕೇಳಿದ ಮೇಲೆ ನಾನು ವಾದ ಮಾಡಲಿಲ್ಲ. ಮಣಿಕಟ್ಟಿನ ಎರಡೂ ನಾಳಗಳನ್ನು ಒತ್ತಿ ಹಿಡಿದು, ಒಂದನ್ನು ಮಾತ್ರ ಬಿಟ್ಟು, ಬಿಳಿಚಿದ ಅಂಗೈಗೆ ಕೆಂಪು ಮರಳುತ್ತದೆಯೇ ಎಂದು ನೋಡಿದರು. ಮರಳಿತು. ಒಂದು ನಾಳ ತೆಗೆದರೂ ಕೈ ಬದುಕುತ್ತದೆ ಎಂದರು.

ಹೇಳಲು ನಾಚಿಕೆಯಾಗುವ ಸಂಗತಿ ನಡೆದದ್ದು ವಾರ್ಡಿಗೆ ಸೇರಿದ ದಿನ. ಕೇಸ್ ಶೀಟ್ ತುಂಬುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರು, ‘ಎಲೆ ಅಡಿಕೆ, ಹೊಗೆಸೊಪ್ಪು ಅಭ್ಯಾಸ?’ ಎಂದು ಕೇಳಿದರು. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ನನಗೆ ಎಲ್ಲಿತ್ತೋ ಸಿಟ್ಟು, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ, ‘ಇಲ್ಲಿ ಮಲಗಿರೋರೆಲ್ಲ ತಿಂದು ತರಿಸಿಕೊಂಡವರು ಡಾಕ್ಟರೇ. ನನಗ್ಯಾಕೆ ಬಂತು ಹೇಳಿ!’ ಎಂದುಬಿಟ್ಟೆ. ವಾರ್ಡು ಸದ್ದಿಲ್ಲದಾಯಿತು. ಪಕ್ಕದ ಮಂಚದಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಕೂತಿದ್ದ ಹೆಂಗಸು ಸೆರಗನ್ನು ಬಾಯಿಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಅವರ ಮಗಳು, ಹದಿನೇಳು ಹದಿನೆಂಟರ ಹುಡುಗಿ, ನನ್ನನ್ನೇ ನೋಡುತ್ತಿದ್ದಳು. ಡಾಕ್ಟರು ತಲೆ ತಗ್ಗಿಸಿ, ‘ಯಾವ ಅಭ್ಯಾಸವೂ ಇಲ್ಲದವರಿಗೂ ಬರುತ್ತೆ ಮೇಡಂ, ಯಾಕೆ ಅಂತ ಪ್ರತಿ ಸಲ ಹೇಳೋಕಾಗಲ್ಲ’ ಎಂದು ಮುಂದಿನ ಪ್ರಶ್ನೆಗೆ ಹೋದರು.

ಆಪರೇಶನ್ನಿನ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಗಂಡ ಹೊರಗೆ ವರಾಂಡದಲ್ಲಿದ್ದರು. ಸದ್ದು ಬರದಂತೆ ಅಳುತ್ತಿದ್ದೆನೆಂದು ನಾನು ಅಂದುಕೊಂಡಿದ್ದೆ. ಪಕ್ಕದ ಮಂಚದವರು ಎದ್ದು ಬಂದು ನನ್ನ ಕಾಲ ಬಳಿ ಕೂತರು. ಲಿಂಗಸುಗೂರಿನ ಕಡೆಯವರು. ಅವರದೂ ನಾಲಿಗೆಯೇ. ಕುತ್ತಿಗೆಯ ಹೊಲಿಗೆಯಲ್ಲಿ ಕೀವಾಗಿ ಊರಿಗೆ ಹೋಗುವುದು ತಡವಾಗಿತ್ತು. ಮಾತು ತೊದಲುತ್ತಿತ್ತು; ಮಗಳು ಪಕ್ಕದಲ್ಲಿ ನಿಂತು ತಿದ್ದಿ ಹೇಳುತ್ತಿದ್ದಳು. ‘ಅಳಬ್ಯಾಡ್ರಿ ಅಕ್ಕಾರ. ನೋಡ್ರಿಲ್ಲಿ’ ಎಂದು ಮುಂಗೈಯ ಪಟ್ಟಿ ಸರಿಸಿ ತೋರಿಸಿದರು. ಕುತ್ತಿಗೆ ತೋರಿಸಿದರು. ಆಮೇಲೆ ದೀಪದ ಕಡೆ ತಿರುಗಿ ಬಾಯಿ ತೆರೆದರು. ಒಂದು ಅರ್ಧ ಕೆಂಪು ನಾಲಿಗೆ; ಇನ್ನೊಂದು ಅರ್ಧ ಮೈಬಣ್ಣದ, ನುಣುಪಾದ ಚರ್ಮ, ನಡುವೆ ಕಪ್ಪು ದಾರದ ಗಂಟುಗಳು. ಪುಸ್ತಕದಲ್ಲಿ, ಫೋನಿನಲ್ಲಿ ಎಷ್ಟೋ ಚಿತ್ರ ನೋಡಿ ಹೆದರಿದ್ದೆ. ಅದನ್ನು ಹೊತ್ತುಕೊಂಡು ನನ್ನ ಕಾಲ ಬಳಿ ಕೂತು ಸಮಾಧಾನ ಹೇಳುತ್ತಿದ್ದ ಒಬ್ಬ ಹೆಂಗಸನ್ನು ನೋಡಿದ ಮೇಲೆ ಆ ಚಿತ್ರಗಳ ಭಯ ಹೋಯಿತು. ‘ಎದ್ದ ಮ್ಯಾಲ ದನಿ ಬರಂಗಿಲ್ಲ, ಗಾಬರಿ ಆಗಬ್ಯಾಡ್ರಿ. ಗಂಟಲದಾಗ ತೂತು ಇಟ್ಟಿರ್ತಾರ. ನಾಕು ದಿನ ಅಷ್ಟ.’

ಅದನ್ನು ಅವರು ಹೇಳಿರದಿದ್ದರೆ ಐಸಿಯುನಲ್ಲಿ ಕಣ್ಣು ಬಿಟ್ಟಾಗ ನಾನು ಏನಾಗುತ್ತಿದ್ದೆನೋ. ಕೂಗಿದರೆ ಗಾಳಿ ಕುತ್ತಿಗೆಯಲ್ಲೇ ಹೋಗುತ್ತಿತ್ತು. ನರ್ಸ್ ಗಂಟೆಗೊಮ್ಮೆ ಟಾರ್ಚ್ ಹಿಡಿದು ಹೊಸ ನಾಲಿಗೆಯ ಬಣ್ಣ ನೋಡುತ್ತಿದ್ದರು. ಕಪ್ಪಾದರೂ ಕಷ್ಟ, ಬಿಳಿಚಿದರೂ ಕಷ್ಟ. ವಾರ್ಡಿಗೆ ಮರಳಿದಾಗ ಜೊಲ್ಲು ನಿಲ್ಲುತ್ತಿರಲಿಲ್ಲ. ನನ್ನ ಗದ್ದ ಒರೆಸಿದವರು ಪಕ್ಕದ ಮಂಚದವರು. ರಾತ್ರಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಾಗ ನಳಿಗೆ ಹಿಡಿದುಕೊಂಡೇ ಎದ್ದು ಹೋಗಿ ನರ್ಸನ್ನು ಕರೆತಂದವರೂ ಅವರೇ.

ಮಾತಾಡಲು ಸ್ಲೇಟು ತರಿಸಿಕೊಂಡಿದ್ದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಮಗಳು ಓದಿ ಹೇಳಬೇಕು. ಒಂದು ಮಧ್ಯಾಹ್ನ ಧೈರ್ಯ ಮಾಡಿ ಬರೆದೆ: ‘ಆ ದಿನ ನಾನು ಅಂದ ಮಾತಿಗೆ ಕ್ಷಮಿಸಬೇಕೆಂದು ಅಮ್ಮನಿಗೆ ಹೇಳು.’ ಹುಡುಗಿ ಓದಿದಳು. ಅಮ್ಮನ ಕಡೆ ಒಮ್ಮೆ ನೋಡಿದಳು. ಓದಿ ಹೇಳಲಿಲ್ಲ. ಅಂಗೈಯಿಂದ ಸ್ಲೇಟು ಒರೆಸಿ, ‘ಈಗ ಮರ್ತಾಳ ಟೀಚರ್. ಮತ್ತ್ಯಾಕ ನೆನಪ ಮಾಡಿ ಕೊಡ್ತೀರಿ’ ಎಂದಳು.

ಅವರು ಕಡ್ಡಿಪುಡಿ ಹಿಡಿದದ್ದು ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ ಎಳೆವಯಸ್ಸಿನಲ್ಲಿ. ಬೆಳಿಗ್ಗೆ ದವಡೆಗೆ ಒತ್ತಿಕೊಂಡರೆ ಮಧ್ಯಾಹ್ನದವರೆಗೆ ಹಸಿವು ತಿಳಿಯುತ್ತಿರಲಿಲ್ಲವಂತೆ. ಕೊಟ್ಟವಳು ಅವರ ಅವ್ವನೇ. ಇದನ್ನು ಹೇಳುತ್ತ ಅವರು ಸಹಜವಾಗಿ ಕೇಳಿದರು: ‘ನಿಮ್ಮ ಸೀಮ್ಯಾಗ ಅಡಿಕಿ ತ್ವಾಟ ಭಾಳ ಅದಾವಂತಲ್ರಿ?’ ಸ್ಲೇಟಿನ ಮೇಲೆ ‘ನಮ್ಮದೂ ಇದೆ’ ಎಂದು ಬರೆದೆ. ಬರೆದ ಮೇಲೆ ಬಳಪ ಮುಂದೆ ಹೋಗಲಿಲ್ಲ. ಗುಬ್ಬಿ ತಾಲ್ಲೂಕಿನ ನಮ್ಮ ತಂದೆಯ ತೋಟದ ಅಡಿಕೆಯಿಂದಲೇ ನಾನು ಬಿ.ಎಡ್. ಓದಿದ್ದು, ನನ್ನ ಮದುವೆಗೆ ಸರ ಮಾಡಿಸಿದ್ದು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಜಾಥಾದ ಫಲಕಗಳಲ್ಲಿ ನಾನು ತಂಬಾಕು, ಗುಟ್ಕಾ ಎಂದು ಬರೆಸಿದ್ದೆನೇ ಹೊರತು ಅಡಿಕೆ ಎಂದು ಒಂದು ಸಲವೂ ಬರೆಸಿರಲಿಲ್ಲ. ನಾನು ತಿಂದಿರಲಿಲ್ಲ, ನಿಜ. ತಿನ್ನುವವರ ದುಡ್ಡಿನಲ್ಲಿ ಓದಿದ್ದೆ. ತೋಟದವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ನಮ್ಮಪ್ಪ ಬೆವರು ಸುರಿಸಿ ಮಾಡಿದ ಬೇಸಾಯ ಅದು. ನನ್ನದೊಂದು ಬೇರೆ ಜಾತಿಯ ಕಾಯಿಲೆ ಎಂಬ ಭಾವ ಇತ್ತಲ್ಲ, ಅದು ಆ ಸ್ಲೇಟಿನ ಮೇಲೆ ಮುಗಿಯಿತು.

ಆಮೇಲಿನದು ಕರೆಂಟು. ರೇಡಿಯೇಶನ್ನಿಗೆ ಅಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ವಾರಕ್ಕೆ ಐದು ದಿನದಂತೆ ಆರು ವಾರ. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಒತ್ತಿ ಅಚ್ಚು ತೆಗೆಯುತ್ತಾರೆ. ಪ್ರತಿ ಸಲ ಅದನ್ನು ತೊಡಿಸಿ ಮೇಜಿಗೆ ಕ್ಲಿಪ್ ಹಾಕುತ್ತಾರೆ. ಮುಖ ಅಲುಗಾಡುವಂತಿಲ್ಲ. ಮೊದಲ ದಿನ ಉಸಿರು ಕಟ್ಟಿದಂತಾಗಿ ಕೈ ಬೀಸಿ ನಿಲ್ಲಿಸಿದೆ. ಹೊರಗೆ ಸರದಿಯಲ್ಲಿ ಹಿರಿಯೂರಿನ ಲಾರಿ ಚಾಲಕರೊಬ್ಬರು ಕೂತಿದ್ದರು. ರಾತ್ರಿ ತೂಕಡಿಕೆ ಬಾರದಿರಲೆಂದು ಗುಟ್ಕಾ ಹಾಕುತ್ತಿದ್ದವರು. ‘ಮಲಗಿದ ತಕ್ಷಣ ಹಿರಿಯೂರಿಂದ ಗಾಡಿ ಬಿಡಿ ಮೇಡಂ. ಶಿರಾ ಬಂತು, ತುಮಕೂರು ಬಂತು, ದಾಬಸ್‌ಪೇಟೆ. ನೆಲಮಂಗಲ ಟೋಲಿಗೆ ಬರೋ ಅಷ್ಟರಲ್ಲಿ ಮುಗಿದಿರುತ್ತೆ’ ಎಂದರು. ಮಾರನೆಯ ದಿನ ಗಾಡಿ ಬಿಟ್ಟೆ. ಅಂದಿನಿಂದ ಒಂದು ದಿನವೂ ಕೈ ಬೀಸಲಿಲ್ಲ.

ನುಂಗುವುದನ್ನು ಕಲಿಸಿದವರೂ ಆ ಚಾಲಕರೇ. ಥೆರಪಿಸ್ಟ್ ಹೇಳಿಕೊಟ್ಟಿದ್ದನ್ನು ನಾನು ಗಾಬರಿಯಲ್ಲಿ ಮರೆಯುತ್ತಿದ್ದೆ. ಗದ್ದ ಎದೆಗೆ ತಗ್ಗಿಸಿ, ತಲೆಯನ್ನು ಚೆನ್ನಾಗಿರುವ ಬಲಗಡೆಗೆ ವಾಲಿಸಿ, ಒಂದೊಂದೇ ಚಮಚ. ಕ್ಯಾಂಟೀನಿನ ಗೋಡೆಯ ಬಳಿ ನಿಂತು ಅವರು ತಮ್ಮ ಅಂಬಲಿಯನ್ನು ಹಾಗೆ ಕುಡಿದು ತೋರಿಸುತ್ತಿದ್ದರು, ನಾನು ನನ್ನ ಗಂಜಿಯನ್ನು. ಬಾಯೆಲ್ಲ ಹುಣ್ಣಾದ ವಾರಗಳಲ್ಲಿ ಅಡಿಗೆ ಸೋಡಾ, ಉಪ್ಪಿನ ನೀರನ್ನು ಎರಡು ಗಂಟೆಗೊಮ್ಮೆ ಮುಕ್ಕಳಿಸಿದಿರಾ ಎಂದು ಕೇಳುತ್ತಿದ್ದರು. ಪ, ಬ, ಮ ನನಗೆ ಬೇಗ ಬಂದವು, ಅವು ತುಟಿಯವು. ರ, ಳ, ಣ ಸತಾಯಿಸಿದವು. ಅವರ ದಾರಿಯ ಊರುಗಳೇ ನಮ್ಮಿಬ್ಬರ ಅಭ್ಯಾಸದ ಪಾಠವಾದವು. ‘ಹಿರಿಯೂರು’ ಎಂದು ನಾನು ಸ್ಪಷ್ಟವಾಗಿ ಹೇಳಿದ ದಿನ ಸರದಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಈಗ ಅವರ ಫೋನನ್ನು ಅವರ ಹೆಂಡತಿ ಎತ್ತುತ್ತಾರೆ. ಹಬ್ಬಕ್ಕೆ ತಪ್ಪದೆ ಮಾತಾಡುತ್ತೇವೆ.

ನಾನು ಆ ಒಂದು ಮಾತನ್ನು ಅಷ್ಟು ಜನರಿಗೆ ಯಾಕೆ ಹೇಳಿಕೊಂಡು ತಿರುಗಿದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಭಯಕ್ಕೆ. ಕಾಯಿಲೆ ಎಂಬುದು ಮಾಡಿದ್ದಕ್ಕೆ ಸಿಗುವ ಶಿಕ್ಷೆಯಾಗಿದ್ದರೆ, ನಾನು ಏನೂ ಮಾಡಿಲ್ಲವಾದ್ದರಿಂದ ಯಾರೋ ತೀರ್ಪು ತಿದ್ದಿಯಾರು ಎಂಬ ಆಸೆ. ಆ ಆಸೆಗೆ ಪಕ್ಕದವರೆಲ್ಲ ತಪ್ಪಿತಸ್ಥರಾಗಿ ಬೇಕಿತ್ತು. ಅವರಲ್ಲಿ ಯಾರೂ ನನ್ನನ್ನು, ‘ತಿನ್ನದೆ ಹೇಗೆ ಬಂತು’ ಎಂದು ಕೇಳಲಿಲ್ಲ. ಗಂಜಿ ಇಳಿಯಿತೇ ಎಂದು ಮಾತ್ರ ಕೇಳಿದರು. ತಂಬಾಕು, ಅಡಿಕೆ ಕೊಲ್ಲುತ್ತವೆ. ಅದರಲ್ಲಿ ನನಗೆ ಮೊದಲಿಗಿಂತ ಹೆಚ್ಚಿನ ಖಾತ್ರಿಯಿದೆ, ಕೊಂದದ್ದನ್ನು ಕಂಡಿದ್ದೇನೆ. ಆದರೆ ತಿನ್ನುವವನ ಮಗನನ್ನು ಎದ್ದು ನಿಲ್ಲಿಸಿ ನಾನು ಒಂದು ಬಾಯನ್ನೂ ಉಳಿಸಲಿಲ್ಲ.

ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಕೊನೆಯ ಬೆಂಚಿಗೆ ದನಿ ಮುಟ್ಟುವುದಿಲ್ಲ, ಮಕ್ಕಳೇ ಮುಂದೆ ಬಂದು ಕೂರುತ್ತಾರೆ. ಈ ಸಲ ಮೇ 31ರಂದು ಜಾಥಾದ ಜತೆಗೆ, ಮನೆಯವರಿಗೆಲ್ಲ ಹೇಳಿ ಎಂದು ಮಕ್ಕಳಿಗೆ ಒಂದು ವಿಷಯ ತೋರಿಸಿಕೊಟ್ಟೆ: ಮೂರು ಬೆರಳು ಜೋಡಿಸಿ, ಲಂಬವಾಗಿ ಬಾಯೊಳಗೆ ಹೋಗುತ್ತವೆಯೇ ನೋಡಬೇಕು. ಅಡಿಕೆ ಜಗಿದು ಕೆನ್ನೆ ಒಳಗೆ ಬಿಗಿದುಕೊಂಡವರಿಗೆ ಹೋಗುವುದಿಲ್ಲ. ಅಂಥವರು ನನ್ನ ಬಳಿ ಬರಬೇಕು, ಮೂರು ವಾರ ಮಾಯದ ಹುಣ್ಣಿದ್ದರೂ ಬರಬೇಕು, ಯಾರೂ ಏನೂ ಅನ್ನುವುದಿಲ್ಲ ಎಂದೆ. ಮರುವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಶಾಲೆ ಬಿಟ್ಟ ಮೇಲೆ ಬಂದು ಗೇಟಿನ ಹೊರಗೇ ನಿಂತರು. ಎರಡು ಬೆರಳೂ ಸಲೀಸಾಗಿ ಹೋಗುತ್ತಿರಲಿಲ್ಲ. ಖಾರ ತಿನ್ನಲಾಗದೆ ಎಷ್ಟು ದಿನವಾಯಿತು ಎಂದಷ್ಟೇ ಕೇಳಿದೆ. ಮಗಳಿಗೆ ಹೇಳಬೇಡಿ ಎಂದರು. ಹೇಳುವುದಿಲ್ಲ ಎಂದೆ. ಡೆಂಟಲ್ ಕಾಲೇಜಿನಲ್ಲಿ ಬೆಳಿಗ್ಗೆ ಬೇಗ ಚೀಟಿ ಮಾಡಿಸಬೇಕು. ಬುಧವಾರ ಮೊದಲ ಬಸ್ಸಿಗೆ ಹೊರಡೋಣ, ನಾನೂ ಬರುತ್ತೇನೆ ಎಂದು ಹೇಳಿ, ಅವರ ಫೋನ್ ನಂಬರ್ ಬರೆದುಕೊಂಡೆ.