ಗಾಡಿ ಚೇಂಜ್

ಬೆಂಗಳೂರು–ಹುಬ್ಬಳ್ಳಿ ಹಾದಿಯಿಂದ ಚಿತ್ರದುರ್ಗದ ಕವಲು ಒಡೆಯುವುದು ಚಿಕ್ಕಜಾಜೂರಿನಲ್ಲಿ. ನೇರ ಗಾಡಿ ದೊರೆಯದಾಗ ದುರ್ಗಕ್ಕೆ ಹೊರಟ ಅಜ್ಜಿಯೂ ಅಲ್ಲಿ 'ಗಾಡಿ ಚೇಂಜ್ ಮಾಡಬೇಕು' ಎನ್ನುತ್ತಾಳೆ. ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ಆಕೆಗೆ ಈ ಕ್ರಿಯಾಪದ ಒಗ್ಗಿದ ಬಗೆ ಸೋಜಿಗವಲ್ಲವೆ?

"ಬದಲಾಯಿಸಬೇಕು ಎನ್ನಬಾರದೇ ಅಜ್ಜೀ?" ಎಂದು ಕಾಲೇಜಿನ ಮೊಮ್ಮಗ ತಿದ್ದಿಯಾನು. ಆದರೆ 'ಬದಲು' ಕೂಡ ಅರಬ್ಬೀ ಭಾಷೆಯಿಂದ ಪಾರಸಿಯ ಮೂಲಕ ಬಂದ ನೆಂಟನೇ. 'ಚೇಂಜ್' ಸಹ ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. ವಿನಿಮಯವೆಂಬ ಅರ್ಥದ ಲ್ಯಾಟಿನ್ 'ಕಾಂಬಿಯಾರೆ' ಫ್ರೆಂಚಿನ ಹಾದಿಯಾಗಿ 13ನೆಯ ಶತಮಾನದ ಹೊತ್ತಿಗೆ ಅಲ್ಲಿಗೆ ಸೇರಿತು. ಚಿಲ್ಲರೆಗೆ 'ಚೇಂಜ್' ಎನ್ನುವುದರಲ್ಲಿ ಆ ಹಳೆಯ ವಿನಿಮಯದ ಅರ್ಥ ಇನ್ನೂ ಉಳಿದಿದೆ. ಕನ್ನಡದ 'ಮಾರು' ಎಂಬುದರ ಕಥೆಯೂ ಇಂಥದೇ: ಕೊಟ್ಟು ಕೊಳ್ಳುವುದು ಮಾರಾಟ, ಬೇರೆಯಾಗುವುದು ಮಾರ್ಪಾಟು.

ಅಜ್ಜಿ ಎರವಲು ತಂದದ್ದು ಹೆಸರನ್ನು ಮಾತ್ರ. ದುಡಿಮೆಯೆಲ್ಲ 'ಮಾಡು', 'ಆಗು'ಗಳದು. ಗಾಡಿಯನ್ನು ಆಕೆ ಚೇಂಜ್ ಮಾಡುತ್ತಾಳೆ, ಕಾಲ ಮಾತ್ರ ತಾನೇ ಚೇಂಜ್ ಆಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ. ಹೀಗಿರುವಾಗ ಅಜ್ಜಿಯ ಮಾತು ಅಚ್ಚುಕಟ್ಟಾದ ಕನ್ನಡವೇ ಸರಿ. ಮೊಮ್ಮಗ 'ಮಾರ್ಪಾಟು' ಎಂಬುದನ್ನೇ ಮರೆತನೆಂದರೆ ಮಾತ್ರ, ಆ ನಷ್ಟ ತುಂಬುವ ಚಿಲ್ಲರೆ ಯಾರ ಬಳಿಯೂ ದೊರೆಯದು.