ತೊಣ್ಣೂರು ಕೆರೆಯ ದಡದಲ್ಲಿ

ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದ ನೆಳಲಿನಲ್ಲಿ ಕುಳಿತು ವನಭೋಜನ ಮಾಡುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ವರುಷವೆಲ್ಲ ಮನೆವಾರ್ತೆಯಲ್ಲಿ ಮುಳುಗಿದ ಗೃಹಿಣಿಗೂ, ಕಚೇರಿಯಲ್ಲಿ ಬೆನ್ನು ಬಗ್ಗಿಸಿದ ಗೃಹಸ್ಥನಿಗೂ ಒಂದು ದಿನವಾದರೂ ಬಯಲಿನ ಗಾಳಿ ದೊರೆಯಲೆಂಬುದು ಆ ಪದ್ಧತಿಯ ಆಶಯಗಳಲ್ಲಿ ಒಂದಾಗಿದ್ದಿರಬೇಕು. ಈಚೆಗೆ ಪಟ್ಟಣವಾಸಿಗಳು ಡೇರೆ ಬುತ್ತಿಗಳೊಡನೆ ಕೆರೆಯ ದಡಗಳನ್ನು ಅರಸಿಕೊಂಡು ಹೊರಡುವುದು ಅದೇ ವನಭೋಜನದ ಹೊಸ ರೂಪ. ಇಂತಹ ವಿಹಾರಕ್ಕೆ ಯೋಗ್ಯವಾದ ಸ್ಥಳ ಯಾವುದೆಂದು ವಾಚಕರು ಕೇಳಿದರೆ, ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಕೆರೆ ತೊಣ್ಣೂರನ್ನು ನಾವು ಮೊದಲು ಹೆಸರಿಸುವೆವು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯಲ್ಲಿ ಪಾಂಡವಪುರದ ನಿಲ್ದಾಣವಿದೆ. ಊರಿನಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ ತೊಣ್ಣೂರು. ಈ ಸೀಮೆಗೆ ಬೀಡುಗಳು ಹೊಸವಲ್ಲ. ಪಾಂಡವಪುರದ ಬಳಿಯ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಡನೆ ಕೆಲಕಾಲ ತಂಗಿದ್ದರೆಂಬುದು ಜನರ ನಂಬುಗೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದುದರಿಂದ ಹಿರೋಡೆಯೆಂಬ ಈ ಊರಿಗೆ ಆಂಗ್ಲರು ಫ್ರೆಂಚ್ ರಾಕ್ಸ್ ಎಂದು ಹೆಸರಿಟ್ಟರು.

ಕೆರೆಯ ಹೆಸರುಗಳೂ ಹಲವು. ಇದನ್ನು ಕಟ್ಟಿಸಿದವರು ರಾಮಾನುಜಾಚಾರ್ಯರೆಂದೂ, ತಿರುಮಲಸಾಗರವೆಂಬ ನಾಮವನ್ನು ಅವರೇ ಇತ್ತರೆಂದೂ ಐತಿಹ್ಯ. 1746ರಲ್ಲಿ ಇಲ್ಲಿಗೆ ಬಂದ ದಖ್ಖನಿನ ಸುಬೇದಾರನ ಮಗ ನಾಸಿರ್ ಜಂಗನು ನೀರಿನ ನೈರ್ಮಲ್ಯಕ್ಕೆ ಮೆಚ್ಚಿ ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಕರೆದನು. ಟಿಪ್ಪುವಿನ ಕಾಲದಲ್ಲಿ ಏರಿಯು ಒಡೆಯಲ್ಪಟ್ಟಿತು. 1799ರಲ್ಲಿ ಅವನ ಆಳ್ವಿಕೆ ಮುಗಿದ ತರುವಾಯ ಅದನ್ನು ಮರಳಿ ಕಟ್ಟಿದರು.

ಏರಿಯ ಮೇಲೆ ನಿಂತು ನೋಡಿದಾಗ ಕಟ್ಟಿದವರ ಜಾಣ್ಮೆ ನಮಗೆ ತಾನಾಗಿ ಅರಿವಾಗುವುದು. ಎರಡು ಬಂಡೆಗುಡ್ಡಗಳ ನಡುವಣ ಕಣಿವೆಯನ್ನು ಒಂದೇ ಏರಿಯಿಂದ ಮುಚ್ಚಿರುವರು. ಉಳಿದ ಕಾವಲನ್ನು ಗುಡ್ಡಗಳೇ ಮಾಡುತ್ತಿವೆ. ಒಂದು ಪಕ್ಕದಲ್ಲಿ ಬಂಡೆಗಳ ನೆಳಲನ್ನು ಹೊತ್ತ ನೀಲಿಯ ನೀರು. ಇನ್ನೊಂದು ಪಕ್ಕದಲ್ಲಿ ತೂಬಿನ ನೀರುಂಡು ಬೆಳೆದ ಭತ್ತ, ಕಬ್ಬು, ತೆಂಗು. ಕೆರೆಯೆಂಬುದು ನೋಟಕ್ಕಾಗಿ ಆದುದಲ್ಲ, ಕೆಳಗಿನ ಊರುಗಳ ಅನ್ನಕ್ಕಾಗಿ ಆದುದು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಬಿಸಿಲೇರಿದ ಮೇಲೆ ಊರೊಳಗಿನ ಹೊಯ್ಸಳರ ಕಾಲದ ನಂಬಿನಾರಾಯಣ ದೇವಾಲಯವನ್ನೂ, ವೇಣುಗೋಪಾಲಸ್ವಾಮಿಯ ಗುಡಿಯನ್ನೂ ನೋಡಬಹುದು. ಅಲ್ಲಿನ ಕಲ್ಲಿನ ತಂಪು ನಡುಹಗಲಿನಲ್ಲಿ ಬಹಳ ಹಿತ.

ಮಳೆಗಾಲ ಕಳೆದು ಕೆರೆ ತುಂಬಿರುವ ಕಾರ್ತಿಕದಿಂದ ಮಾಘದವರೆಗೆ ಹೋಗುವುದು ಮೇಲು. ಬಂಡೆಗಳ ಬಳಿ ನೆಳಲು ಕಡಮೆಯಾದುದರಿಂದ ಕೊಡೆ, ಚಾಪೆ, ಕುಡಿಯುವ ನೀರು ಜೊತೆಯಲ್ಲಿರಲಿ. ಪುಳಿಯೋಗರೆಗೆ ಹೆಸರಾದ ಮೇಲುಕೋಟೆ ಸಮೀಪದಲ್ಲಿರುವಾಗ ಬುತ್ತಿಯಲ್ಲಿ ಏನಿರಬೇಕೆಂದು ನಾವು ಹೇಳಬೇಕಾಗಿಲ್ಲ. ರಾತ್ರಿಯೂ ಉಳಿಯಬಯಸುವವರು ಊರಿನವರನ್ನೂ ಅಧಿಕಾರಿಗಳನ್ನೂ ಮುಂಚಿತವಾಗಿ ವಿಚಾರಿಸತಕ್ಕದ್ದು. ಬೇಸಗೆಯ ಒಣಹುಲ್ಲಿನಲ್ಲಿ ಒಲೆ ಹೂಡಲಾಗದು. ನೀರು ತಿಳಿಯಾಗಿದ್ದರೆ ಆಳವು ಕಡಮೆಯಾಗಿ ಕಾಣುವುದು. ಈಜು ಬಾರದವರೂ ಎಳೆಯರೂ ಅದರಲ್ಲಿ ಇಳಿಯದಂತೆ ಹಿರಿಯರೊಬ್ಬರು ದಡದಲ್ಲಿಯೇ ಕುಳಿತಿರಬೇಕು.

ಇಷ್ಟು ಹೇಳಿ ನಿಲ್ಲಿಸಲು ಮನಸ್ಸು ಒಪ್ಪದು. ವಿಹಾರಿಗಳು ಹೋದ ಮೇಲೆ ಕೆರೆಯ ದಡಗಳಲ್ಲಿ ಉಳಿಯುವ ಪ್ಲಾಸ್ಟಿಕ್ ಚೀಲಗಳನ್ನೂ ಒಡೆದ ಸೀಸೆಗಳನ್ನೂ ಕಂಡು ನಾವು ನೊಂದಿರುವೆವು. ಹಿಂದಿನವರೂ ಬಯಲಿನಲ್ಲಿ ಉಂಡರು. ಆದರೆ ಅವರು ಉಂಡ ಎಲೆ ದನಕ್ಕೆ ಮೇವಾಯಿತು, ಇಲ್ಲವೆ ಮಣ್ಣಾಯಿತು. ನಮ್ಮ ತಟ್ಟೆ ಲೋಟಗಳು ಮಣ್ಣಾಗುವುದಿಲ್ಲ. ಹಸು ಮೇದರೆ ಅದರ ಹೊಟ್ಟೆಯಲ್ಲಿ ಉಳಿಯುವುವು, ಮಳೆ ಬಂದರೆ ನೀರಿಗೆ ಸೇರುವುವು. ಸೀಸೆಯ ಚೂರು ಸೀಳುವುದು ದನಕಾಯುವ ಹುಡುಗನ ಬರಿಗಾಲನ್ನು. ಅರಸರ ಕಾಲದಲ್ಲಿ ಒಡೆದ ಏರಿಯನ್ನು ಕಲ್ಲು ಮಣ್ಣು ತಂದು ಮತ್ತೆ ಕಟ್ಟಿದರು. ದಿನದಿನಕ್ಕೆ ಅಷ್ಟಷ್ಟಾಗಿ ಕೆಡುವ ನೀರನ್ನು ಹಾಗೆ ಕಟ್ಟಿ ಸರಿಮಾಡುವ ಬಗೆ ಸುಲಭದ್ದಲ್ಲ.

ಆದುದರಿಂದ ಬುತ್ತಿಯನ್ನು ಬಾಳೆಯೆಲೆಯಲ್ಲಿಯೋ ಮನೆಯ ಡಬ್ಬಿಯಲ್ಲಿಯೋ ಒಯ್ಯಿರಿ. ಕಸಕ್ಕೆಂದೇ ಒಂದು ಬಟ್ಟೆಯ ಚೀಲವನ್ನು ಮಕ್ಕಳ ಕೈಗೆ ಕೊಡಿರಿ. ಪಾತ್ರೆಗಳನ್ನು ಕೆರೆಗಿಳಿದು ತೊಳೆಯದೆ ಮನೆಗೆ ತಂದು ತೊಳೆಯಿರಿ. ಅತಿಥಿಯಾಗಿ ಹೋದ ಮನೆಯಲ್ಲಿ ನಾವು ಹೇಗೆ ನಡೆದುಕೊಳ್ಳುವೆವೋ ಕೆರೆಯ ದಡದಲ್ಲಿಯೂ ಹಾಗೆಯೇ ನಡೆದರೆ, ಮುಂದಿನ ಕಾರ್ತಿಕದಲ್ಲಿ ಬರುವ ಸಂಸಾರಕ್ಕೂ ಆ ನೀರು ಮುತ್ತಿನಂತೆಯೇ ಕಂಡೀತು.