ಆಗಬೋಟಿನ ಹಾದಿ

ಪ್ರಯಾಣ ಹೊರಡುವುದು ಒಂದು ಗಳಿಗೆಯ ಕೆಲಸ. ಹೊರಡಲು ಸಿದ್ಧನಾಗುವುದು ಅನೇಕ ದಿನಗಳ ಕೆಲಸ. ಮುಂಬಯಿಯಲ್ಲಿ ನೆಲೆಸಿದ ಉತ್ತರ ಕನ್ನಡದ ಹಿಂದಿನ ತಲೆಮಾರಿನವರಿಗೆ ಈ ಮಾತು ಅಕ್ಷರಶಃ ಸಲ್ಲುತ್ತಿತ್ತು. 1862ರಲ್ಲಿ ಆ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದಂದಿನಿಂದ ವಿದ್ಯೆ, ನೌಕರಿ, ವ್ಯಾಪಾರಗಳಿಗಾಗಿ ಅಲ್ಲಿಯವರ ಮುಖ ಆ ಮಹಾನಗರದತ್ತ ತಿರುಗಿತು. ಘಟ್ಟವನ್ನು ಬಳಸುವ ನೆಲದ ಹಾದಿಗಿಂತ ಕಡಲಿನ ಹಾದಿಯೇ ಅವರಿಗೆ ಸಹಜವೆನಿಸಿತು. ಹೊಗೆಹಡಗನ್ನು ಅವರು ಮರಾಠಿಯಿಂದ ಬಂದ ‘ಆಗಬೋಟು’ ಎಂಬ ಹೆಸರಿನಿಂದಲೇ ಕರೆದರು.

ಆಗಬೋಟಿನ ಪ್ರಯಾಣಿಕ ಮೊದಲು ಕೇಳುತ್ತಿದ್ದುದು ಟಿಕೇಟಿನ ದರವನ್ನಲ್ಲ, ತಿಥಿಯನ್ನು. ಮಳೆಗಾಲ ಕವಿದೊಡನೆ ಕರಾವಳಿಯ ಸಣ್ಣ ಬಂದರುಗಳು ಮುಚ್ಚುತ್ತಿದ್ದವು. ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಕಡಲು ಮತ್ತೆ ಮನುಷ್ಯರಿಗೆ ಸಲ್ಲುವುದೆಂಬ ನಂಬಿಕೆ. ಆದುದರಿಂದ ಮದುವೆ, ಮುಂಜಿ, ಬಾಣಂತನಗಳೆಲ್ಲ ಈ ಲೆಕ್ಕಕ್ಕೆ ಒಳಪಟ್ಟಿದ್ದವು. ಆಷಾಢದಲ್ಲಿ ಊರಿನಿಂದ ಸಾವಿನ ತಂತಿ ಬಂದರೆ ಪುಣೆ, ಹುಬ್ಬಳ್ಳಿಗಳನ್ನು ಸುತ್ತಿ ಘಟ್ಟವಿಳಿಯಬೇಕು. ತಲುಪುವ ವೇಳೆಗೆ ಚಿತೆ ಆರಿರುತ್ತಿತ್ತು. ಕಡಲಿನ ನಿಷೇಧ ಬರಿಯ ನಂಬಿಕೆಯಲ್ಲವೆಂಬುದಕ್ಕೆ 1947ರ ಜುಲೈ 17ರ ದುರಂತವೇ ಸಾಕ್ಷಿ. ಅಂದು ಭಾವುಚಾ ಧಕ್ಕೆಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿ, ಆರುನೂರಕ್ಕೂ ಹೆಚ್ಚು ಜನ ಮಡಿದರು.

ಈ ಹಾದಿಯ ನಡುವೆ ಇನ್ನೊಂದು ದೇಶವಿತ್ತೆಂಬುದನ್ನು ಇಂದು ನೆನೆಯುವವರು ಕಡಿಮೆ. ರತ್ನಾಗಿರಿ, ಮಾಲವಣ, ವೆಂಗುರ್ಲೆಗಳನ್ನು ದಾಟಿದರೆ ಪೋರ್ತುಗೀಜರ ಗೋವೆ, ಅದರಾಚೆ ಕಾರವಾರ. ಧೋಬಿತಲಾವಿನ ‘ಕೂಡ್’ಗಳಲ್ಲಿ, ಅಂದರೆ ಊರಿನ ಹೆಸರಿನಲ್ಲಿ ನಡೆಯುವ ವಸತಿಗಳಲ್ಲಿ, ಪೆಟ್ಟಿಗೆಯಿಟ್ಟು ಬಾಳುತ್ತಿದ್ದ ಗೋವೆಯ ಕ್ರೈಸ್ತ ಹಡಗುಗಾರನಿಗೆ ಅದು ತವರು. ಗಿರಗಾಂವದ ಚಾಳಿನಲ್ಲಿದ್ದ ಕಾರವಾರದ ಸಾರಸ್ವತ ಗೃಹಸ್ಥನಿಗೆ ಅದು ಕುಲದೇವತೆಯ ನೆಲ. ಮಂಗೇಶಿ, ಮಾರ್ದೋಳದ ಮಹಾಲಸೆ, ಕವಳೆಯ ಶಾಂತಾದುರ್ಗೆಯರ ಗುಡಿಗಳೆಲ್ಲ ಇರುವುದು ಅಲ್ಲಿಯೇ. ಮನೆಯಲ್ಲಿ ಲಗ್ನ ನಿಶ್ಚಯವಾದರೆ ದೇವಿಗೆ ಉಡಿ ತುಂಬಿ ಬರಬೇಕು. ಒಂದು ಹಗಲು, ಒಂದು ರಾತ್ರಿ ಕಡಲ ಮೇಲೆ ಕಳೆದರೆ ಪಣಜಿ. ಅಲ್ಲಿಂದ ಫೋಂಡೆಯ ಕಡೆಗೆ ನೆಲದ ದಾರಿ. ಆತನ ಯೋಜನೆಯೆಲ್ಲ ಇಷ್ಟೇ ಆಗಿತ್ತು.

ಗೋವೆಯ ವಿಮೋಚನೆಯ ಹೋರಾಟ ತೀವ್ರವಾಗಿ, 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ನಂತರ ಭಾರತ ಗಡಿಯನ್ನು ಮುಚ್ಚಿತು. ನ್ಯಾಯವಾದ ಆ ಕ್ರಮದ ನೋವು ಸಾಮಾನ್ಯರ ಪಾಲಿಗೂ ಬಂದಿತು. ಮಾಜಾಳಿಯ ಈಚೆಗೆ ಮಗಳು, ಆಚೆಗೆ ತಾಯಿ. ಮುಂಬಯಿಯಲ್ಲಿ ಹರಕೆ, ಗೋವೆಯಲ್ಲಿ ದೇವರು. ಕಡಲು ಮುಚ್ಚಿದಾಗ ತೆರೆಯುವ ದಿನ ಪಂಚಾಂಗದಲ್ಲಿರುತ್ತಿತ್ತು. ಗಡಿ ತೆರೆಯುವ ದಿನ ಯಾವ ಪಂಚಾಂಗದಲ್ಲಿಯೂ ಇರಲಿಲ್ಲ. ಕಾಯುವುದನ್ನು ಕಡಲಿನಿಂದ ಕಲಿತಿದ್ದ ಜನರಿಗೂ ಈ ಕಾಯುವಿಕೆ ಹೊಸದಾಗಿತ್ತು. ವಿಚಿತ್ರವೆಂದರೆ ಪೋರ್ತುಗೀಜರ ಮಾತುಗಳು ಎಂದೋ ಗಡಿ ದಾಟಿ ಬಂದಿದ್ದವು. ಚಾವಿ, ಬಟಾಟೆ, ಪಗಾರಗಳು ಕರಾವಳಿಯ ಅಡಿಗೆಮನೆ, ಅಂಗಡಿಗಳಲ್ಲಿ ಮನೆಯ ಮಾತುಗಳೇ ಆಗಿಬಿಟ್ಟಿದ್ದವು. ಯಾವ ಪಗಾರಕ್ಕಾಗಿ ಮನುಷ್ಯ ಮುಂಬಯಿಗೆ ಬಂದನೋ ಆ ಶಬ್ದವೇ ಮುಚ್ಚಿದ ಗಡಿಯ ಆಚೆಯದು.

1961ರ ಡಿಸೆಂಬರ್ 19ರಂದು ಗೋವೆ ಭಾರತದಲ್ಲಿ ಸೇರಿದಾಗ ಆ ದಾರಿ ಮತ್ತೆ ತೆರೆಯಿತು. ಮುಂಬಯಿ–ಪಣಜಿಯ ಹಡಗುಗಳು ಕೆಲವು ದಶಕ ಓಡಾಡಿ 1980ರ ದಶಕದ ಕೊನೆಗೆ ನಿಂತವು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ಆರಂಭವಾಗಿ, ಒಂದು ರಾತ್ರಿಯ ನಿದ್ದೆಯಲ್ಲಿ ಕಾರವಾರ ಸಮೀಪಿಸಿತು. ಇಂದಿನ ಪ್ರಯಾಣಿಕ ತಿಥಿಯನ್ನು ಕೇಳುವುದಿಲ್ಲ. ಗೋವೆಯ ಗಡಿ ದಾಟಿದುದು ಅವನ ಅರಿವಿಗೂ ಬರುವುದಿಲ್ಲ. ಇದು ಲಾಭವೇ, ಅದರಲ್ಲಿ ಸಂದೇಹವಿಲ್ಲ. ಆದರೆ ತಡೆಯಿಲ್ಲದೆ ಕುಲದೇವತೆಯ ಗುಡಿಗೆ ಹೋಗಿಬರುವ ಭಾಗ್ಯಕ್ಕೂ ಒಂದು ಚರಿತ್ರೆಯಿದೆ. ಉಡಿಯ ಅಕ್ಕಿ, ಕುಪ್ಪಸದ ಕಣಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಆರು ವರ್ಷ ಕಾದ ಗೃಹಿಣಿಯರು ಆ ಚರಿತ್ರೆಯೊಳಗಿದ್ದಾರೆ. ಅವರ ಹೆಸರುಗಳು ಮಾತ್ರ ಅದರಲ್ಲಿಲ್ಲ.